ಬೀಗ ಹಾಕಿದ ಕೋಣೆ

ಪ್ರಶ್ನೆ: ನಾನು ಬೀದರಿನಲ್ಲಿ ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ. ಹಳೆಯ ಇಂಗ್ಲಿಷ್ ಗಾಥಿಕ್ ಕಾದಂಬರಿಗಳ, ಅಂದರೆ ಪಾಳು ಕೋಟೆ, ಗುಟ್ಟು, ಭಯಗಳ ಕಥೆಗಳ ಹುಚ್ಚು ಹಿಡಿದಿದೆ. ಈಗ ಕಾಕಾ ಅವರ ವಾಡೆಯಲ್ಲಿ ಸದಾ ಬೀಗ ಬಿದ್ದಿರುವ ಕೋಣೆಯನ್ನು ಕಂಡಾಗಲೆಲ್ಲ, ತೀರಿಹೋದ ಕಾಕಿಗೆ ಅಲ್ಲಿ ಏನೋ ಅನ್ಯಾಯವಾಗಿತ್ತೆಂದು ಅನ್ನಿಸುತ್ತದೆ. ಅವ್ವ ಕಾದಂಬರಿ ಓದುವುದನ್ನೇ ಬಿಡು ಎನ್ನುತ್ತಾಳೆ. ಬಿಡಬೇಕೆ?

ಉತ್ತರ: ಬಿಡಬೇಡಿ. ನಿಮ್ಮಂಥ ಓದುಗಾರ್ತಿಯನ್ನೇ ನಾಯಕಿಯಾಗಿಸಿ ಇಂಗ್ಲಿಷ್ ಲೇಖಕಿ ಜೇನ್ ಆಸ್ಟಿನ್ ಬರೆದ ‘ನಾರ್ಥ್ಯಾಂಗರ್ ಅಬಿ’ ಕಾದಂಬರಿ, ಅವರು ತೀರಿಕೊಂಡ 1817ರ ಕೊನೆಯಲ್ಲಿ ಪ್ರಕಟವಾಯಿತು. ಆನ್ ರಾಡ್‌ಕ್ಲಿಫ್ ಅವರ 1794ರ ಗಾಥಿಕ್ ಕಾದಂಬರಿ ‘ದ ಮಿಸ್ಟರೀಸ್ ಆಫ್ ಉಡಾಲ್ಫೋ’ದಲ್ಲಿ ಮುಳುಗಿದ್ದ 17ರ ಕ್ಯಾಥರೀನಳಿಗೆ, ತಾನು ಅತಿಥಿಯಾಗಿ ಹೋದ ಮನೆಯಲ್ಲಿ, ಬಿರುಗಾಳಿಯ ರಾತ್ರಿ, ಕಪ್ಪು ಕಪಾಟಿನೊಳಗೆ ಕಾಗದದ ಸುರುಳಿಯೊಂದು ಸಿಗುತ್ತದೆ, ಅಷ್ಟರಲ್ಲಿ ದೀಪ ಆರಿ ಅವಳು ನಡುಗುತ್ತ ಮಲಗುತ್ತಾಳೆ. ಬೆಳಗ್ಗೆ ನೋಡಿದರೆ ಅವು ಬಟ್ಟೆ ಒಗೆಸಿದ ಲೆಕ್ಕದ ಚೀಟಿಗಳು. ಆದರೂ ಮನೆಯ ಯಜಮಾನ ಜನರಲ್ ಟಿಲ್ನಿ ಹೆಂಡತಿಯನ್ನು ಕೊಂದಿರಬೇಕು, ಇಲ್ಲವೆ ಕೂಡಿಹಾಕಿರಬೇಕು ಎಂದು ಊಹಿಸಿ, ಆಕೆಯ ಕೋಣೆಗೆ ಕದ್ದು ಹೋಗಿ, ಮಗ ಹೆನ್ರಿಯ ಕಣ್ಣಿಗೆ ಬಿದ್ದು ನಾಚಿಕೆಯಿಂದ ಕುಗ್ಗುತ್ತಾಳೆ.

ಓದು ಹುಡುಗಿಯರ ತಲೆ ಕೆಡಿಸುತ್ತದೆ ಎನ್ನುವವರು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ, ಆಸ್ಟಿನ್ ನಿಲ್ಲಿಸುವುದಿಲ್ಲ. ಕ್ಯಾಥರೀನ್ ತಾನು ಎಣಿಸಿದಂತೆ ಸಿರಿವಂತಳಲ್ಲವೆಂದು ತಿಳಿದೊಡನೆ ಅದೇ ಜನರಲ್, ಜೊತೆಗೆ ಒಬ್ಬ ಆಳನ್ನೂ ಕೊಡದೆ, 70 ಮೈಲಿ ದೂರದ ಊರಿಗೆ ಆಕೆಯನ್ನು ಹೊರಡಿಸಿಬಿಡುತ್ತಾನೆ. ಅವನು ಕೊಲೆಗಾರನೆಂಬುದು ಸುಳ್ಳಾದರೂ ಕಲ್ಲೆದೆಯವನೆಂಬುದು ನಿಜವೇ ಆಗಿತ್ತು. ಕಾದಂಬರಿಗಳು ಅವಳಿಗೆ ಮನುಷ್ಯನ ಕ್ರೌರ್ಯದ ವಾಸನೆ ಹಿಡಿಯಲು ಕಲಿಸಿದ್ದವು, ಪುರಾವೆಯನ್ನು ತೂಗಿ ನೋಡುವುದನ್ನು ಮಾತ್ರ ಕಲಿಸಿರಲಿಲ್ಲ ಎಂದು ನನಗೆ ತೋರುತ್ತದೆ.

ಸಂಶಯ ಹುಟ್ಟಲು ಕಾದಂಬರಿಯೇ ಬೇಕೆಂದೇನೂ ಇಲ್ಲ. ನಿಮ್ಮ ಊರಿನಲ್ಲಿ 1472ರ ಮದರಸಾ ಕಟ್ಟಿಸಿದ ಬಹಮನಿ ಮಂತ್ರಿ ಮಹಮೂದ್ ಗವಾನನ ಮುದ್ರೆ ಒತ್ತಿದ, ರಾಜದ್ರೋಹದ ಖೊಟ್ಟಿ ಪತ್ರವೊಂದನ್ನು ಅವನೇ ಬರೆದದ್ದೆಂದು ನಂಬಿ, ಸುಲ್ತಾನ ಮೂರನೆಯ ಮುಹಮ್ಮದ್ ಶಾ 1481ರಲ್ಲಿ ಅವನ ತಲೆ ತೆಗೆಸಿದನು. ತಪ್ಪು ತಿಳಿಯುವ ಹೊತ್ತಿಗೆ ಕಾಲ ಮಿಂಚಿತ್ತು.

ಆದ್ದರಿಂದ ನಿಮ್ಮ ಸಂಶಯವನ್ನು ಓಣಿಯಲ್ಲಿ ಯಾರ ಕಿವಿಗೂ ಹಾಕುವ ಮೊದಲು, ಕಾಕಿ ಹೇಗೆ ಬದುಕಿದ್ದರು, ಹೇಗೆ ತೀರಿಕೊಂಡರು, ಆ ಕೋಣೆಗೆ ಬೀಗ ಬಿದ್ದದ್ದು ಯಾವಾಗ ಎಂದು ಅವ್ವನ ಪಕ್ಕದಲ್ಲಿ ಕುಳಿತು ಕೇಳಿ. ಅವರು ಉತ್ತರಿಸಲು ಹಿಂಜರಿದರೆ ಅದನ್ನೂ ಗಮನಿಸಿ. ಕೋಣೆಯನ್ನು ನೋಡಲೇಬೇಕೆನ್ನಿಸಿದರೆ ಬೀಗದ ಕೈಯನ್ನು ಕಾಕಾ ಅವರನ್ನೇ ಕೇಳಿ ಪಡೆಯಿರಿ, ಕ್ಯಾಥರೀನಳಂತೆ ಕದ್ದು ಹೋಗಬೇಡಿ.