ಸೋಪು ಬದಲಿಸುವ ಮೊದಲು ನೀರು ನೋಡಿ

ಪ್ರಶ್ನೆ: ಅಜ್ಜನ ಮಡಚುವ ಕ್ಷೌರದ ಕತ್ತಿ ಟ್ರಂಕಿನಲ್ಲಿ ಸಿಕ್ಕಿತು. ಸಾಣೆ ಹಿಡಿಸಿದ್ದೇನೆ. ಮೂರು ಸಲ ಗಡ್ಡ ತೆಗೆದೆ, ಮೂರು ಸಲವೂ ಮುಖ ಉರಿಯಿತು. ಮೊದಲು ಮೈಗೆ ಹಚ್ಚುವ ಗಂಧದ ಸೋಪನ್ನೇ ಬಳಸಿದೆ, ಆಮೇಲೆ ಶೇವಿಂಗ್ ಸೋಪು ತಂದೆ. ಒಂದು ಕೆನ್ನೆ ಮುಗಿಸುವಷ್ಟರಲ್ಲಿ ಇನ್ನೊಂದು ಕೆನ್ನೆಯ ನೊರೆ ಒಣಗಿರುತ್ತದೆ. ನಮ್ಮದು ಬೋರ್‌ವೆಲ್ ನೀರು. ಯಾವ ಸೋಪು ತಗೊಳ್ಳಲಿ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಹೊಸ ಸೋಪು ಈಗಲೇ ಬೇಡ. ಮೊದಲು ಆ ಬೋರ್‌ವೆಲ್ ನೀರು ಬಿಡಿ.

ನನಗೂ ಹೀಗೇ ಆಗಿತ್ತು. ದಾವಣಗೆರೆಯ ನಮ್ಮ ಮನೆಗೆ ಬರುವುದು ಭದ್ರಾ ನಾಲೆಯಿಂದ ಕುಂದವಾಡ ಕೆರೆಗೆ ತುಂಬಿಸಿಕೊಂಡ ನೀರು. ಅದರಲ್ಲಿ ನೊರೆ ಚೆನ್ನಾಗಿ ಏಳುತ್ತಿತ್ತು. ಅದೇ ಸೋಪು, ಅದೇ ಬ್ರಷ್ ಹಿಡಿದು ಚಿತ್ರದುರ್ಗದ ನೆಂಟರ ಮನೆಗೆ ಹೋದೆ. ಅಲ್ಲಿಯ ಬೋರ್ ನೀರಿನಲ್ಲಿ ಎಷ್ಟು ತಿರುಗಿಸಿದರೂ ಬಟ್ಟಲಿನ ಅಂಚಿಗೆ ಒಡೆದ ಹಾಲಿನ ಹಾಗೆ ಬಿಳಿ ಚೂರು ಅಂಟಿಕೊಂಡಿತೇ ಹೊರತು ನೊರೆ ಬರಲಿಲ್ಲ. ಬೇಳೆ ಬೇಯದ ನೀರು ಅಂತೀವಲ್ಲ, ಅದೇ. ಅಂಥ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಅವು ಸೋಪಿನ ಜೊತೆ ಸೇರಿ ಕರಗದ ಗಸಿಯಾಗುತ್ತವೆ, ಸೋಪಿನ ಒಂದು ಪಾಲು ನೊರೆಯಾಗುವ ಮೊದಲೇ ಹಾಳಾಗುತ್ತದೆ. ಒಂದು ಸಲದ ಶೇವಿಂಗಿಗೆ ಒಂದು ಲೋಟ ನೀರು ಸಾಕು ಅಲ್ವಾ? ಕುಡಿಯುವ ಆರ್‌ಒ ಫಿಲ್ಟರ್ ನೀರನ್ನೇ ಬಿಸಿ ಮಾಡಿಕೊಳ್ಳಿ, ಬರೀ ಕಸ ಸೋಸುವ ಫಿಲ್ಟರಿನಿಂದ ಗಡಸು ಹೋಗುವುದಿಲ್ಲ. ಅದಿಲ್ಲದಿದ್ದರೆ ಬೋರ್ ನೀರನ್ನು ಚೆನ್ನಾಗಿ ಕುದಿಸಿ, ಆರಲು ಬಿಟ್ಟು, ತಳದ ಬಿಳಿ ಪುಡಿ ಕದಡದಂತೆ ಮೇಲಿನದನ್ನು ಬಗ್ಗಿಸಿಕೊಳ್ಳಿ. ಗಡಸು ಪೂರ್ತಿ ಹೋಗುವುದಿಲ್ಲ, ಆದರೂ ವ್ಯತ್ಯಾಸ ಕಾಣುತ್ತದೆ.

ಇನ್ನು ಸೋಪು. ಗಂಧದ ಸೋಪು ನನಗೂ ಇಷ್ಟ, ಆದರೆ ಅದು ಸ್ನಾನಕ್ಕೆ. ಅದರ ನೊರೆ ಬೇಗ ಏಳುತ್ತದೆ, ಬೇಗ ಇಳಿಯುತ್ತದೆ. ಶೇವಿಂಗ್ ಸೋಪಿನ ಪೊಟ್ಟಣ ತಿರುಗಿಸಿ ಓದಿ. ಸ್ಟಿಯರಿಕ್ ಆಸಿಡ್, ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಗ್ಲಿಸರಿನ್ ಇದ್ದರೆ ಒಳ್ಳೆಯದು. ಮೊದಲಿನದು ನೊರೆ ನಿಲ್ಲಿಸುತ್ತದೆ, ಪೊಟ್ಯಾಸಿಯಂನಿಂದ ಸೋಪು ಮೆತ್ತಗಾಗಿ ಬೇಗ ಕರಗುತ್ತದೆ, ಗ್ಲಿಸರಿನ್ ತೇವ ಹಿಡಿದಿಡುತ್ತದೆ. ನೀವು ತಂದ ಸೋಪಿನಲ್ಲಿ ಇವಿದ್ದರೆ ಅದನ್ನೇ ಬಳಸಿ. ನೊರೆ ಕೈಗೆ ಹತ್ತುವವರೆಗೆ ಟ್ಯೂಬಿನ ಕ್ರೀಮ್ ಬಳಸಿದರೂ ತಪ್ಪಿಲ್ಲ, ಹೊಸಬರಿಗೆ ಅದು ಸುಲಭ. ಡಬ್ಬಿಯ ಫೋಮ್ ಮಾತ್ರ ನಾನು ಬೇಡ ಅನ್ನುತ್ತೇನೆ. ನೋಡಲು ದಪ್ಪ, ಒಳಗೆಲ್ಲ ಗಾಳಿ. ಈ ಕತ್ತಿಗೆ ಪಕ್ಕದಲ್ಲಿ ತಡೆಯಿಲ್ಲ, ಕಾರ್ಟ್ರಿಜ್ ರೇಜರಿಗಿರುವ ಜಾರುವ ಪಟ್ಟಿಯೂ ಇಲ್ಲ. ಚರ್ಮಕ್ಕೂ ಅಲಗಿಗೂ ನಡುವೆ ಇರುವುದು ಆ ನೊರೆ ಒಂದೇ.

ನೊರೆ ಮಾಡುವುದಕ್ಕೆ ಅವಸರ ಬೇಡ. ಬ್ರಷ್ ನೆನೆಸಿ, ಹಿಂಡಿ, ಸೋಪಿನ ಮೇಲೆ ಅರ್ಧ ನಿಮಿಷ ತಿರುಗಿಸಿ. ಕೂದಲ ತುದಿಗೆ ಗಟ್ಟಿ ಪೇಸ್ಟ್ ಹತ್ತಬೇಕು. ಇಲ್ಲಿ ಜಿಪುಣತನ ಮಾಡಬೇಡಿ, ಸೋಪು ಕಡಿಮೆಯಾದರೆ ಮುಂದೆ ಏನು ಮಾಡಿದರೂ ಸರಿಹೋಗುವುದಿಲ್ಲ. ಆಮೇಲೆ ಬಟ್ಟಲಲ್ಲೋ ಮುಖದ ಮೇಲೋ ತಿರುಗಿಸುತ್ತಾ, ಬ್ರಷ್ಷಿನ ತುದಿಯನ್ನಷ್ಟೇ ನೀರಿಗೆ ಅದ್ದಿ ಅದ್ದಿ, ಹನಿ ಹನಿಯಾಗಿ ಸೇರಿಸಿ. ಮೊದಲು ಬೆಣ್ಣೆಯ ಹಾಗೆ ಗಟ್ಟಿ ಇರುತ್ತದೆ, ಹೊಳಪಿರುವುದಿಲ್ಲ. ಹೊಸಬರು ಸಾಮಾನ್ಯವಾಗಿ ಇಲ್ಲೇ ನಿಲ್ಲಿಸಿಬಿಡುತ್ತಾರೆ, ನೀವೂ ಅದನ್ನೇ ಮಾಡುತ್ತಿದ್ದೀರಿ ಅನ್ನಿಸುತ್ತದೆ. ಇನ್ನೂ ನೀರು ಕುಡಿಸಿ. ಕಲಕಿದ ಗಟ್ಟಿ ಮೊಸರಿನ ಹಾಗೆ ಹೊಳೆಯಬೇಕು, ಗುಳ್ಳೆ ಕಣ್ಣಿಗೆ ಕಾಣಬಾರದು, ಎರಡು ಬೆರಳ ನಡುವೆ ಉಜ್ಜಿದರೆ ಸರ್ರನೆ ಜಾರಬೇಕು. ದೊಡ್ಡ ಗುಳ್ಳೆ ಎದ್ದು ಸೋರಿದರೆ ನೀರು ಜಾಸ್ತಿಯಾಗಿದೆ, ಮತ್ತೆ ಸೋಪಿನ ಮೇಲೆ ನಾಲ್ಕು ಸುತ್ತು ತಿರುಗಿಸಿ.

ಒಂದು ವಾರ ಕತ್ತಿ ಮುಟ್ಟದೆ ಬರೀ ನೊರೆ ಮಾಡಿ. ಮೊಣಕೈ ಕೆಳಗೆ ಹಚ್ಚಿ ಐದು ನಿಮಿಷ ಬಿಡಿ, ಒಣಗಿ ಬಿಳಿ ಪೊರೆಯಾದರೆ ಇನ್ನೂ ನೀರು ಬೇಕು ಅಂತ. ಕತ್ತಿ ಹಿಡಿಯುವ ದಿನವೂ ಪೂರ್ತಿ ಮುಖಕ್ಕೆ ಒಮ್ಮೆಲೇ ಹಚ್ಚಬೇಡಿ. ಒಂದು ಕೆನ್ನೆಗೆ ಹಚ್ಚಿ, ತೆಗೆದು, ಆಮೇಲೆ ಇನ್ನೊಂದು. ಉಳಿದ ನೊರೆ ಬ್ರಷ್ಷಿನಲ್ಲೇ ಇರಲಿ. ಕೂದಲು ಬೆಳೆದ ದಿಕ್ಕಿಗೇ ಎಳೆಯಿರಿ, ಅಲಗು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆ ಇರಲಿ, ಒತ್ತಬೇಡಿ. ಗದ್ದ, ಮೂಗಿನ ಕೆಳಗೆ ಕೈ ಕುದುರುವವರೆಗೆ ಹಳೆಯ ರೇಜರೇ ಸಾಕು. ಇಷ್ಟಾದರೂ ಉರಿ ನಿಲ್ಲದಿದ್ದರೆ ಕತ್ತಿಯ ಸಾಣೆ ಮತ್ತೆ ನೋಡಿಸಿ. ಮೊಂಡು ಅಲಗನ್ನು ಯಾವ ನೊರೆಯೂ ಸರಿಮಾಡುವುದಿಲ್ಲ.

ಪ್ರಶ್ನೆ: ಬ್ರಷ್ ಬೇಕೇ ಬೇಕಾ? ಕ್ರೀಮ್ ಕೈಯಲ್ಲೇ ಹಚ್ಚಿದರೆ ಆಗಲ್ವಾ?
– ಇನ್ನೊಬ್ಬ ಓದುಗರು, ಹರಿಹರ

ಉತ್ತರ: ಬೇಕು. ಬ್ರಷ್ ಕೂದಲನ್ನು ಎತ್ತಿ ಬುಡಕ್ಕೆ ನೀರು ಮುಟ್ಟಿಸುತ್ತದೆ, ಅಂಗೈಯಿಂದ ಅದಾಗುವುದಿಲ್ಲ. ಅದೂ ಅಲ್ಲದೆ ಸೋಪು ಹತ್ತಿದ ಕೈಯಲ್ಲಿ ತೆರೆದ ಕತ್ತಿ ಹಿಡಿಯುವುದು ಅಪಾಯ. ಸಿಂಥೆಟಿಕ್ ಕೂದಲಿನದು ತಗೊಳ್ಳಿ, ನೆನೆಸಿ ಕಾಯುವ ಕೆಲಸವಿಲ್ಲ, ಬೇಗ ಒಣಗುತ್ತದೆ. ಹಂದಿಕೂದಲಿನದಾದರೆ ಬಳಸುವ ಮೊದಲು ಕೆಲವು ನಿಮಿಷ ನೀರಲ್ಲಿಡಿ.