ಪಾಲಿಸಿ ಯಾವುದೇ ಇರಲಿ, ಫಾರಂ ಮಾತ್ರ ನೀವೇ ಕೂತು ತುಂಬಿ

ನಿಮ್ಮ ಪ್ರಶ್ನೆ ಓದಿದೆ. ಅಪ್ಪನಿಗೆ 67, ಅವ್ವನಿಗೆ 62. ಕಲಬುರಗಿಯಲ್ಲಿ ಇಬ್ಬರೇ ಇರುತ್ತಾರೆ, ನೀವು ಪುಣೆಯಲ್ಲಿ ಕೆಲಸದಲ್ಲಿದ್ದೀರಿ. ಅಪ್ಪನಿಗೆ ಬಿಪಿ, ಶುಗರ್ ಎರಡೂ ಇವೆ. ಯಾವ ಕಂಪನಿಯ ಆರೋಗ್ಯ ವಿಮೆ ಮಾಡಿಸಲಿ, ಬೇರೆ ಏನೇನು ನೋಡಿಕೊಳ್ಳಬೇಕು ಅಂತ ಕೇಳಿದ್ದೀರಿ.

ಕಂಪನಿಯ ಹೆಸರು ನಾನು ಹೇಳುವುದಿಲ್ಲ. ನಾನು ಏಜೆಂಟ್ ಅಲ್ಲ, ನಿವೃತ್ತ ಹೈಸ್ಕೂಲ್ ಮಾಸ್ತರ. ಇದೇ ಊರು, ನನಗೆ 69, ಮಕ್ಕಳಿಬ್ಬರೂ ಹೊರಗೆ. ಅಂದರೆ ನಾನು ನಿಮ್ಮ ಅಪ್ಪನ ಕಡೆಯವನು. ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ, ನಿಮಗೆ ಬೇಕಾದದ್ದು ಅದರಲ್ಲೇ ಇದೆ.

ಸೇವೆಯಲ್ಲಿದ್ದಾಗ ನಮಗೆ ಜ್ಯೋತಿ ಸಂಜೀವಿನಿ ಇತ್ತು, ಸರ್ಕಾರಿ ನೌಕರರ ಆರೋಗ್ಯ ಯೋಜನೆ. ನಿವೃತ್ತಿಯಾದ ದಿನವೇ ಅದೂ ಮುಗಿಯಿತು. 2017ರಲ್ಲಿ ಪರಿಚಯದವರೊಬ್ಬರ ಕಡೆಯಿಂದ ಏಜೆಂಟ್ ಮನೆಗೆ ಬಂದ. ಚಹಾ ಕುಡಿಯುತ್ತಲೇ ಫಾರಂ ತುಂಬಿದ. ನಮ್ಮ ಮನೆಯವಳಿಗೆ 2014ರಿಂದ ಶುಗರ್ ಇದೆ ಅಂತ ನಾನೇ ಬಾಯಿಬಿಟ್ಟು ಹೇಳಿದೆ.

"ಸಕ್ರಿ ಬ್ಯಾನಿ ಯಾರಿಗಿಲ್ರೀ ಸರ್ ಈಗ? ಅದೆಲ್ಲಾ ಬರೀಬ್ಯಾಡ್ರಿ. ಸುಮ್ನೆ ಪ್ರೀಮಿಯಂ ಜಾಸ್ತಿ ಆಗ್ತದ" ಅಂದ. 'ಇಲ್ಲ' ಅನ್ನುವ ಕಡೆ ಟಿಕ್ ಹಾಕಿದ. ನಾನು ಸಹಿ ಹಾಕಿದೆ. ಮೂವತ್ತು ವರ್ಷ ಹುಡುಗರಿಗೆ "ಪ್ರಶ್ನೆ ಪೂರ್ತಿ ಓದಿ ಉತ್ತರ ಬರೀರಿ" ಅಂತ ಹೇಳಿದವನು ನಾನು!

2019ರಲ್ಲಿ ಅವಳ ಕಾಲಿಗೆ ಗಾಯವಾಗಿ ಕೀವು ತುಂಬಿತು. ಒಂಬತ್ತು ದಿನ ದವಾಖಾನೆಯಲ್ಲಿದ್ದೆವು. ಬಿಲ್ಲು 1 ಲಕ್ಷ 84 ಸಾವಿರ. ಕೇಸ್ ಶೀಟಿನಲ್ಲಿ ಐದು ವರ್ಷದಿಂದ ಶುಗರ್ ಇದೆ ಅಂತ ಬರೆದಿತ್ತು. ಕಂಪನಿಯವರು ಅದನ್ನು ನಮ್ಮ ಫಾರಂ ಪಕ್ಕ ಇಟ್ಟರು. ಕ್ಲೇಮ್ ಹೋಯಿತು, ಪಾಲಿಸಿಯೂ ರದ್ದಾಯಿತು. ಏಜೆಂಟ್ ಫೋನ್ ಎತ್ತಲಿಲ್ಲ. ಎತ್ತಿದ್ದರೂ ಏನು ಹೇಳುತ್ತಿದ್ದೆ? ಸಹಿ ನನ್ನದೇ. ಮಗಳ ಮದುವೆಗೆಂದು ಇಟ್ಟಿದ್ದ ಎಫ್‌ಡಿ ಮುರಿದು ಬಿಲ್ ಕಟ್ಟಿದೆ.

ಅದಕ್ಕೇ ಮೊದಲ ಮಾತು ಇದು: ಫಾರಂ ನೀವೇ ಕೂತು ತುಂಬಿ. ಬಿಪಿ, ಶುಗರ್, ಯಾವ ವರ್ಷದಿಂದ, ಯಾವ ಗುಳಿಗೆ, ಎಂದೋ ಆದ ಹರ್ನಿಯಾ ಆಪರೇಷನ್, ಎಲ್ಲ ಬರೆಯಿರಿ. ಪ್ರೀಮಿಯಂ ಏರುತ್ತದೆ, ಏರಲಿ. ಸುಳ್ಳು ಬರೆದು ಕಡಿಮೆ ಕಟ್ಟುವುದೆಂದರೆ, ಕಟ್ಟಿದಷ್ಟೂ ದುಡ್ಡು ದಂಡ.

ನಿಮ್ಮ ಕಾಲಕ್ಕೆ ನಿಯಮ ಸ್ವಲ್ಪ ಒಳ್ಳೆಯದಾಗಿದೆ. 2024ರ ಏಪ್ರಿಲ್‌ನಿಂದ, ಮೊದಲೇ ಇರುವ ಕಾಯಿಲೆಗೆ ಕ್ಲೇಮ್ ಕೊಡದೆ ಕಂಪನಿ ಕಾಯಿಸಬಹುದಾದ ಗರಿಷ್ಠ ಅವಧಿ 4 ವರ್ಷದಿಂದ 3ಕ್ಕೆ ಇಳಿದಿದೆ. 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಅನ್ನುವ ಕಟ್ಟೂ ಹೋಗಿದೆ. ಸತತ 5 ವರ್ಷ ತಪ್ಪದೆ ಕಟ್ಟಿದ ಮೇಲೆ, ಮೋಸ ಅಂತ ಸಾಬೀತಾಗದ ಹೊರತು, "ನೀವು ಹೇಳಿರಲಿಲ್ಲ" ಅಂತ ಕ್ಲೇಮ್ ತಳ್ಳುವಂತಿಲ್ಲ. 60 ದಾಟಿದವರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ. 10ಕ್ಕಿಂತ ಜಾಸ್ತಿ ಏರಿಸಬೇಕಾದರೆ ಕಂಪನಿ ಮೊದಲು ವಿಮಾ ಪ್ರಾಧಿಕಾರವನ್ನು ಕೇಳಬೇಕು. 2025ರ ಸೆಪ್ಟೆಂಬರ್ 22ರಿಂದ ಶೇ. 18ರ ಜಿಎಸ್‌ಟಿಯೂ ಇಲ್ಲ. ಪಾಲಿಸಿ ಕೈಗೆ ಬಂದ ಮೇಲೆ 30 ದಿನದೊಳಗೆ ಬೇಡ ಅನ್ನಿಸಿದರೆ ವಾಪಸ್ ಕೊಡಬಹುದು. ಆ 30 ದಿನದಲ್ಲಿ ಒಂದು ಭಾನುವಾರ ಪೂರ್ತಿ ಕೂತು ಕಾಗದ ಓದಿ.

ಓದುವಾಗ ಎರಡು ಕಡೆ ಪೆನ್ಸಿಲ್ ಗೆರೆ ಹಾಕಿ.

ಒಂದು, ಕೋ-ಪೇ. ಶೇ. 20 ಅಂತ ಇದ್ದರೆ 2 ಲಕ್ಷದ ಬಿಲ್ಲಿನಲ್ಲಿ 40 ಸಾವಿರ ನಿಮ್ಮ ಕೈಯಿಂದ. ವಯಸ್ಸಾದವರ ಪಾಲಿಸಿಯಲ್ಲಿ ಇದು ಸಾಮಾನ್ಯ. ಆ ದುಡ್ಡು ಬ್ಯಾಂಕಿನಲ್ಲಿ ಬೇರೆ ಇರಬೇಕು.

ಇನ್ನೊಂದು, ರೂಮಿನ ಬಾಡಿಗೆ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಪಾಲಿಸಿಯಲ್ಲಿ ದಿನಕ್ಕೆ 5 ಸಾವಿರದ ಮಿತಿ ಇದೆ ಅನ್ನಿ. ಅಪ್ಪನಿಗೆ ಆರಾಮ ಇರಲಿ ಅಂತ 8 ಸಾವಿರದ ರೂಮು ಹಿಡಿದಿರಿ. ಮೇಲಿನ 3 ಸಾವಿರ ನಾವು ಕೊಟ್ಟರಾಯಿತು ಅಂತ ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಲ್ಲ. ಡಾಕ್ಟರ್ ಫೀ, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲವನ್ನೂ ಅದೇ ಲೆಕ್ಕದಲ್ಲಿ ಕಡಿಯುತ್ತಾರೆ. ಅವೆಲ್ಲ ಸೇರಿ 1 ಲಕ್ಷ 60 ಸಾವಿರ ಆಗಿದ್ದರೆ, ಎಂಟರಲ್ಲಿ ಐದು ಪಾಲು, ಅಂದರೆ 1 ಲಕ್ಷ ಮಾತ್ರ ಕೊಡುತ್ತಾರೆ. ಔಷಧಿಗೆ, ಒಳಗೆ ಹಾಕುವ ಸ್ಟೆಂಟ್‌ನಂಥದ್ದಕ್ಕೆ, ಐಸಿಯುಗೆ ಈ ಕಡಿತ ಇಲ್ಲ. ಆದರೂ 60 ಸಾವಿರ ಸುಮ್ನೆ ಹೋಗುತ್ತದೆ. ರೂಮಿನ ಮಿತಿ ಇಲ್ಲದ ಪಾಲಿಸಿ ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಅದನ್ನೇ ತಗೊಳ್ಳಿ.

ಕ್ಯಾಶ್‌ಲೆಸ್ ದವಾಖಾನೆಗಳ, ಅಂದರೆ ಬಿಲ್ಲನ್ನು ಕಂಪನಿಯೇ ನೇರ ಕಟ್ಟುವ ಕಡೆಗಳ, ಪಟ್ಟಿಯನ್ನು ಕಲಬುರಗಿಗೆ ಮಾತ್ರ ನೋಡಬೇಡಿ. ನಮ್ಮ ಮಂದಿ ಸ್ವಲ್ಪ ಗಂಭೀರ ಅಂದ ಕೂಡಲೇ ಸೊಲ್ಲಾಪುರ, ಇಲ್ಲವೇ ಹೈದರಾಬಾದ್ ಅನ್ನುತ್ತಾರೆ. ಅಲ್ಲಿನ ಹೆಸರುಗಳೂ ಇವೆಯೇ ನೋಡಿ. ಆದರೆ ಎದೆನೋವಿಗೆ ರಾತ್ರೋರಾತ್ರಿ ಸೊಲ್ಲಾಪುರಕ್ಕೆ ಓಡುವ ಕಾಲ ಹೋಯಿತು. ಜಯದೇವ ಹೃದ್ರೋಗ ಆಸ್ಪತ್ರೆ ಈಗ ಇಲ್ಲೇ ಇದೆ. 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾದ ಹೊಸ ಕಟ್ಟಡದಲ್ಲಿ 371 ಹಾಸಿಗೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ಕಲಮಿನ ನೆನಪಿಗೆ ಆ ಸಂಖ್ಯೆ. ಕಲಮು ಮಾಡಿದ ಉಪಕಾರದ ಬಗ್ಗೆ ಕಟ್ಟೆಯ ಮೇಲೆ ಎಷ್ಟು ಬೇಕಾದರೂ ವಾದ ಮಾಡಬಹುದು, ಹಾಸಿಗೆಗಳು ಮಾತ್ರ ಕಣ್ಣಿಗೆ ಕಾಣುತ್ತವೆ.

ದುಡ್ಡು ಕಟ್ಟುವ ಮೊದಲು ಮನೆಯಲ್ಲಿ ಯಾವ ರೇಷನ್ ಕಾರ್ಡ್ ಇದೆ ನೋಡಿ. ಬಿಪಿಎಲ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಇದ್ದವರಿಗೂ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರ) ಶೇ. 30ನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ಅವರೇ ಖಾಸಗಿಗೆ ಬರೆದುಕೊಡುತ್ತಾರೆ. ಈ ಚೀಟಿ ಇಲ್ಲದೆ ನೇರ ಹೋಗಿ ಆಮೇಲೆ ಜಗಳ ಆಡಿದವರನ್ನು ಬಹಳ ನೋಡಿದ್ದೇನೆ. ಯೋಜನೆಯಲ್ಲಿರುವ ದವಾಖಾನೆಗಳಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರಿರುತ್ತಾರೆ. ದಾಖಲಾಗುವ ಮೊದಲೇ ಅವರನ್ನು ಕಾಣಿರಿ.

70 ದಾಟಿದವರಿಗೆ ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ವಯ ವಂದನಾ ಕಾರ್ಡ್ ಶುರು ಮಾಡಿತು. ಆದಾಯ ಕೇಳುವುದಿಲ್ಲ, ವರ್ಷಕ್ಕೆ 5 ಲಕ್ಷ. ಅಪ್ಪನಿಗೆ ಇನ್ನೂ ಮೂರು ವರ್ಷ ಇದೆ. ಆಗ ನಮ್ಮ ರಾಜ್ಯದಲ್ಲಿ ಅದು ಹೇಗೆ ನಡೆಯುತ್ತಿದೆ ಅಂತ ಅದೇ ಆರೋಗ್ಯ ಮಿತ್ರರನ್ನು ಕೇಳಿ. ಆಧಾರ್‌ನಲ್ಲಿರುವ ವಯಸ್ಸೇ ಲೆಕ್ಕ. ನಮ್ಮ ಕಾಲದವರ ಹುಟ್ಟಿದ ದಿನ ಮಾಸ್ತರು ಬರೆದುಕೊಂಡದ್ದು, ಅರ್ಧ ಊರು ಜೂನ್ 1ಕ್ಕೆ ಹುಟ್ಟಿದೆ. ತಪ್ಪಿದ್ದರೆ ಈಗಲೇ ಸರಿಮಾಡಿಸಿ.

ನಿಮ್ಮ ಕಂಪನಿಯ ಗುಂಪು ವಿಮೆಯಲ್ಲಿ ತಂದೆತಾಯಿಯನ್ನು ಸೇರಿಸಲು ಬಿಟ್ಟರೆ ಖಂಡಿತ ಸೇರಿಸಿ. ಅದರಲ್ಲಿ ಸಾಮಾನ್ಯವಾಗಿ ಮೂರು ವರ್ಷ ಕಾಯಿಸುವುದಿಲ್ಲ. ಆದರೆ ಕೆಲಸ ಬಿಟ್ಟ ದಿನ ಅದೂ ಹೋಗುತ್ತದೆ, ನನ್ನ ಜ್ಯೋತಿ ಸಂಜೀವಿನಿಯ ಹಾಗೆ. ಅದು ಇರುವಾಗಲೇ ಅವರ ಹೆಸರಿನಲ್ಲಿ ಬೇರೆ ಪಾಲಿಸಿ ಶುರು ಮಾಡಿ. ಕಾಯುವ ಮೂರು ವರ್ಷ ಅದರ ನೆರಳಿನಲ್ಲಿ ಕಳೆಯುತ್ತದೆ. ಅಪ್ಪನ ಹತ್ತಿರ ಹಳೆಯ ಪಾಲಿಸಿ ಏನಾದರೂ ಇದ್ದರೆ ಬಿಡಬೇಡಿ. ಇಷ್ಟವಿಲ್ಲದಿದ್ದರೆ ನವೀಕರಣಕ್ಕೆ 45 ದಿನ ಮೊದಲೇ ಅರ್ಜಿ ಹಾಕಿ ಬೇರೆ ಕಂಪನಿಗೆ ಪೋರ್ಟ್ ಮಾಡಿಸಿ. ಕಾದ ವರ್ಷಗಳು ಲೆಕ್ಕದಲ್ಲಿ ಉಳಿಯುತ್ತವೆ.

ನಾವು 2020ರಲ್ಲಿ ಹೊಸದು ಮಾಡಿಸಿದೆವು, ಈ ಸಲ ಎಲ್ಲ ಬರೆದು. ಇಬ್ಬರಿಗೂ ಸೇರಿ ವರ್ಷಕ್ಕೆ 46 ಸಾವಿರ ಹೋಗುತ್ತದೆ. ಪ್ರತಿ ವರ್ಷ ಕಟ್ಟುವಾಗ ಹೊಟ್ಟೆ ಉರಿಯುತ್ತದೆ.

ಇನ್ನು ನೀವು ಕೇಳದ ಒಂದು ಸಂಗತಿ. 2022ರ ಒಂದು ರಾತ್ರಿ ಎರಡು ಗಂಟೆಗೆ ನನಗೆ ಎದೆ ಹಿಡಿದಂತಾಯಿತು. ಪಕ್ಕದ ಮನೆಯ ಹುಡುಗ ಆಟೋ ತಂದ. ದವಾಖಾನೆಯಲ್ಲಿ ಕೌಂಟರಿನವರು ಪಾಲಿಸಿ ಕಾರ್ಡ್ ಕೇಳಿದರು. ಕಾರ್ಡ್ ನನ್ನ ಫೋನಿನಲ್ಲಿ. ಫೋನಿನ ಲಾಕ್ ನನ್ನ ತಲೆಯಲ್ಲಿ. ನಾನು ಒಳಗೆ ಇಸಿಜಿ ಟೇಬಲ್ ಮೇಲೆ. ಮೂವತ್ತೆಂಟು ವರ್ಷ ಸಂಸಾರ ಮಾಡಿದವಳಿಗೆ ಎಟಿಎಂ ಪಿನ್ ಗೊತ್ತಿಲ್ಲ, ಪಾಲಿಸಿ ಯಾವ ಕಂಪನಿಯದು ಅಂತ ಗೊತ್ತಿಲ್ಲ, ನಾನು ಯಾವ ಗುಳಿಗೆ ತಗೊಳ್ಳುತ್ತೇನೆ ಅನ್ನುವುದೂ ಗೊತ್ತಿಲ್ಲ. "ಬಿಳಿ ಗುಳಿಗಿ ರೀ, ಸಣ್ಣದು" ಅಂದಳಂತೆ. ಡ್ಯೂಟಿ ಡಾಕ್ಟರ್ ಪಾಪ ಏನು ಮಾಡಬೇಕು?

ಬೆಳಗಿನ ಹೊತ್ತಿಗೆ ಗೊತ್ತಾಯಿತು, ಅದು ಹೃದಯ ಅಲ್ಲ, ಸಂಜೆ ಸುಸಲದ ಜೊತೆ ತಿಂದ ಆರು ಮಿರ್ಚಿ. ಇವತ್ತಿಗೂ ಅವಳು ಮಿರ್ಚಿ ಎಣಿಸಿಯೇ ತಟ್ಟೆಗೆ ಹಾಕುತ್ತಾಳೆ.

ನಕ್ಕು ಮುಗಿಸಿದೆವು. ಆದರೆ ಆಮೇಲೆ ಒಂದು ಕೆಂಪು ಕೈಚೀಲ ಮಾಡಿದೆವು. ಇಬ್ಬರ ಆಧಾರ್ ಜೆರಾಕ್ಸ್, ಪಾಲಿಸಿ ಕಾರ್ಡಿನ ಪ್ರಿಂಟ್, ಗುಳಿಗೆಗಳ ಹೆಸರು ದೊಡ್ಡ ಅಕ್ಷರದಲ್ಲಿ, ಕೊನೆಯ ರಕ್ತಪರೀಕ್ಷೆ, ಹತ್ತು ಸಾವಿರ ನಗದು, ಮಕ್ಕಳ ನಂಬರು. ಅದು ಬೀರುವಿನಲ್ಲಿಲ್ಲ, ಅಡುಗೆಮನೆಯಲ್ಲಿ ಜೋಳದ ಡಬ್ಬಿಯ ಮೇಲಿದೆ. ರಾತ್ರಿ ಎರಡಕ್ಕೆ ಕರೆಂಟ್ ಇಲ್ಲದಿದ್ದರೂ ಅವಳ ಕೈ ಅಲ್ಲಿಗೆ ಹೋಗುತ್ತದೆ.

ಬ್ಯಾಂಕ್ ಖಾತೆ 'ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು' ಅಂತ ಜಂಟಿ ಮಾಡಿಸಿ. ತಿಂಗಳಿಗೊಮ್ಮೆ ಅವ್ವನೇ ಹೋಗಿ ದುಡ್ಡು ತೆಗೆಯಲಿ. ಅಪ್ಪನಿಗೆ ಪೆನ್ಷನ್ ಇದ್ದರೆ ಪಿಪಿಒದಲ್ಲಿ (ಪೆನ್ಷನ್ ಮಂಜೂರಾತಿ ಆದೇಶ) ಅವ್ವನ ಹೆಸರು ಆಧಾರ್‌ನಲ್ಲಿರುವ ಹಾಗೇ ಇದೆಯೇ ನೋಡಿ. ನಮ್ಮ ಕಡೆ ಒಂದರಲ್ಲಿ ಶಾಂತಾಬಾಯಿ, ಇನ್ನೊಂದರಲ್ಲಿ ಶಾಂತಮ್ಮ ಇರುತ್ತದೆ. ಮುಂದೆ ಕುಟುಂಬ ಪಿಂಚಣಿಗೆ ಅಷ್ಟು ಸಾಕು ಅಲೆದಾಡಿಸಲು. ನವೆಂಬರ್‌ನ ಜೀವಿತ ಪ್ರಮಾಣ ಪತ್ರಕ್ಕೆ ಈಗ ಬ್ಯಾಂಕಿಗೇ ಹೋಗಬೇಕಿಲ್ಲ. ಫೋನಿನಲ್ಲಿ ಮುಖ ತೋರಿಸಿದರೂ ಆಗುತ್ತದೆ. ವಯಸ್ಸಾದ ಮೇಲೆ ಬೆರಳಿನ ಗೆರೆ ಸವೆದು ಮಷೀನ್ ಒಪ್ಪುವುದಿಲ್ಲ, ಅವರಿಗೆ ಇದೇ ಸಲೀಸು. ಕಚೇರಿ ಕೆಲಸ ಏಪ್ರಿಲ್, ಮೇನಲ್ಲಿ ಬಂದರೆ ಬೆಳಗ್ಗೆ ಎಂಟಕ್ಕೇ ಹೋಗಲಿ. ಬೇಸಿಗೆಯಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿ ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತದೆ, ಆ ಬಿಸಿಲಿನಲ್ಲಿ ಬಿಪಿ ಇದ್ದವರು ಓಡಾಡುವುದೂ ಬೇಡ.

ಮನೆ ಯಾರ ಹೆಸರಿನಲ್ಲಿದೆಯೋ ಹಾಗೇ ಇರಲಿ. ಮಗನಾದ ನಿಮಗೆ ಇದನ್ನು ಹೇಳುವುದು ಸರಿ ಕಾಣಲಿಕ್ಕಿಲ್ಲ. ಆದರೂ ಹೇಳುತ್ತೇನೆ. ಪ್ರೀತಿಗೆ ದಾನಪತ್ರ ಮಾಡಿಕೊಟ್ಟು ಆಮೇಲೆ ಸಹಾಯಕ ಆಯುಕ್ತರ ಕಚೇರಿಯ ಬೆಂಚಿನ ಮೇಲೆ ಕೂತವರು ನನ್ನ ವಯಸ್ಸಿನವರೇ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಲ್ಲಿ ಅಂಥ ಪತ್ರ ರದ್ದು ಮಾಡಿಸಬಹುದು, ನೋಡಿಕೊಳ್ಳಬೇಕು ಅನ್ನುವ ಷರತ್ತು ಇದ್ದರೆ. ಷರತ್ತು ಬರೆಸಲು ನಾಚಿಕೆಪಟ್ಟವರೇ ಜಾಸ್ತಿ.

ಕೊನೆಗೆ ಕ್ಲೇಮ್ ವಿಷಯ. 2024ರಲ್ಲಿ ನಮ್ಮ ಮನೆಯವಳಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ದಾಖಲಾಗುವಾಗ ಡ್ಯೂಟಿ ಡಾಕ್ಟರ್ ಶುಗರ್ ಎಷ್ಟು ವರ್ಷದಿಂದ ಅಂತ ಕೇಳಿದರು. ನೋವಿನಲ್ಲಿದ್ದಳು. "ಹದಿನೈದು ವರ್ಷ ಆಗ್ಯಾದ್ರಿ" ಅಂದುಬಿಟ್ಟಳು. ಅವರು ಹಾಗೇ ಬರೆದರು. ನಮ್ಮ ಫಾರಂನಲ್ಲಿ 2014 ಇದೆ. ಕಂಪನಿಯಿಂದ ಪ್ರಶ್ನೆ ಬಂತು: ಐದು ವರ್ಷ ಮುಚ್ಚಿಟ್ಟಿದ್ದೀರಾ? ನನ್ನ ಕೈಕಾಲು ತಣ್ಣಗಾಯಿತು. ಮನೆಗೆ ಓಡಿ ಟ್ರಂಕು ತೆಗೆದೆ. 2014ರ ಲ್ಯಾಬ್ ರಿಪೋರ್ಟ್, ಮೊದಲ ಸಲ ಶುಗರ್ ಗೊತ್ತಾದಾಗ ಡಾಕ್ಟರ್ ಬರೆದ ಹಳದಿ ಚೀಟಿ ಸಿಕ್ಕವು. ಫೋಟೋ ಕಳಿಸಿದೆವು, ಮರುದಿನ ಪಾಸಾಯಿತು.

ತಿರಸ್ಕರಿಸಿದ್ದರೆ ಈ ಸಲ ಸುಮ್ಮನೆ ಬಿಡುತ್ತಿರಲಿಲ್ಲ. ಮೊದಲು ಕಂಪನಿಯ ದೂರು ವಿಭಾಗ, ಅಲ್ಲಿ 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರು ಕೇಳಿ ತೀರ್ಮಾನ ಕೊಡುವ ಅಧಿಕಾರಿ. ಶುಲ್ಕ ಇಲ್ಲ, ವಕೀಲರೂ ಬೇಡ.

ಮುಂದಿನ ಸಲ ಊರಿಗೆ ಬಂದಾಗ ಅಪ್ಪನ ಹಳೆಯ ಚೀಟಿಗಳನ್ನೆಲ್ಲ ಹೊರಗೆ ತೆಗೆಸಿ. ಅವ್ವನನ್ನೂ ಪಕ್ಕದಲ್ಲಿ ಕೂಡಿಸಿಕೊಳ್ಳಿ. ಶುಗರ್ ಮೊದಲು ಗೊತ್ತಾದ ವರ್ಷದ ಚೀಟಿ ಸಿಕ್ಕರೆ ಅದನ್ನು ಬೇರೆ ಎತ್ತಿಡಿ. ಫಾರಂ ಆಮೇಲೆ ತುಂಬುವಿರಂತೆ.