ಘೋಷವಾಕ್ಯಗಳ ಬಾಳಿಕೆ

ಪ್ರಶ್ನೆ: ಪ್ರವಾಸಿಗರನ್ನು ಸೆಳೆಯಲು ಸರ್ಕಾರಗಳು ಹೊರಡಿಸುವ ಘೋಷವಾಕ್ಯಗಳಲ್ಲಿ ಕೆಲವು ಮಾತ್ರ ದಶಕಗಟ್ಟಲೆ ಬಾಳುವುದೇಕೆ?

ಉತ್ತರ: ಹೊರಗಿನವರಿಗಾಗಿ ಬರೆದ ಮಾತನ್ನು ಅಲ್ಲಿನ ನಿವಾಸಿಗಳೂ ತಮ್ಮದೆಂದು ಒಪ್ಪಿಕೊಂಡಾಗ ಅದು ಬಾಳುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ‘ಐ ಲವ್ ನ್ಯೂಯಾರ್ಕ್’ ಇದಕ್ಕೆ ಉತ್ತಮ ನಿದರ್ಶನ. ನ್ಯೂಯಾರ್ಕ್ ನಗರವು ಹಣಕಾಸಿನ ಮುಗ್ಗಟ್ಟು ಮತ್ತು ಅಪರಾಧಗಳಿಂದ ಹೆಸರು ಕೆಡಿಸಿಕೊಂಡಿದ್ದ ಕಾಲದಲ್ಲಿ, 1977ರಲ್ಲಿ, ರಾಜ್ಯ ಸರ್ಕಾರ ಆರಂಭಿಸಿದ ಆ ಪ್ರಚಾರಕ್ಕೆ ವಿನ್ಯಾಸಕಾರ ಮಿಲ್ಟನ್ ಗ್ಲೇಸರ್ ಸಂಭಾವನೆ ಪಡೆಯದೆ ಲಾಂಛನ ರಚಿಸಿಕೊಟ್ಟರು. ಕಪ್ಪು ಅಕ್ಷರಗಳ ನಡುವೆ ಒಂದು ಕೆಂಪು ಹೃದಯವಷ್ಟೇ ಇದ್ದ ಆ ಗುರುತನ್ನು ಪ್ರವಾಸಿಗರಲ್ಲದೆ ನಗರದ ಜನರೂ ಅಂಗಿಯ ಮೇಲೆ ಧರಿಸಿದರು. 2001ರ ಸೆಪ್ಟೆಂಬರ್ ದಾಳಿಯ ಬಳಿಕ ಗ್ಲೇಸರ್ ಅದೇ ಹೃದಯದ ಅಂಚಿನಲ್ಲಿ ಕಪ್ಪು ಕಲೆಯೊಂದನ್ನು ಮೂಡಿಸಿ, ‘ಹಿಂದೆಂದಿಗಿಂತಲೂ ಹೆಚ್ಚಾಗಿ’ ಎಂಬ ಮಾತನ್ನು ಜೋಡಿಸಿದರು. ಪ್ರವಾಸೋದ್ಯಮಕ್ಕೆಂದು ಹುಟ್ಟಿದ ವಾಕ್ಯವು ಹೀಗೆ ಒಂದು ಊರಿನ ಶೋಕವನ್ನೂ ಹೊತ್ತುಕೊಂಡಿತು.

ಇನ್ನು, ಅಳೆದು ನೋಡಬಹುದಾದ ಗುಣವನ್ನು ಸಾರುವ ವಾಕ್ಯಕ್ಕೆ ಅಪಾಯ ಹೆಚ್ಚು. ನ್ಯೂಜಿಲೆಂಡ್ 1999ರಲ್ಲಿ ಆರಂಭಿಸಿದ ‘ನೂರಕ್ಕೆ ನೂರು ಶುದ್ಧ’ ಎಂಬ ಘೋಷಣೆಯನ್ನು, ಹೈನುಗಾರಿಕೆಯಿಂದ ಮಲಿನಗೊಂಡ ನದಿಗಳನ್ನು ತೋರಿಸಿ ಅಲ್ಲಿನ ಪರಿಸರವಾದಿಗಳು ಪ್ರಶ್ನಿಸುತ್ತ ಬಂದಿದ್ದಾರೆ, ಮತ್ತು ಅವರು ಕೇಳುವುದು ನ್ಯಾಯವಾಗಿಯೇ ಇದೆ.